ಮೀಮಾ ಹಿಡಿಯುವ ಜಾಗ

"ಮೊದಲು ರೈಲು!" ವ್ಯಾಟ್ ಕೂಗಿದ.

"ರೈಲಲ್ಲ ಕಣೋ, ಮೊದಲು ಹಿಮ," ಎಂದಳು ಕೋರಾ. "ಕತ್ತಲಾಗೋಕೆ ಮುಂಚೆ ಆ ಬೀದೀಲಿ ಜನ ಕಮ್ಮಿ ಇರ್ತಾರೆ. ಆಮೇಲೆ ರೈಲು. ಆಮೇಲೆ ದೋಣಿ."

"ಅದೇನು ನಿಜವಾದ ಹಿಮಾನಾ? ಸೋಪಿನ ನೊರೆ. ನಂಗೆಲ್ಲಾ ಗೊತ್ತು."

"ಗೊತ್ತಿದ್ದವನು ಹೋದ ವರ್ಷ ನಾಲಿಗೆ ಚಾಚಿಕೊಂಡು ಯಾಕೆ ನಿಂತಿದ್ದೆ?"

ಡ್ಯಾಡಿ ಕಾಫಿ ಕುಡಿಯುತ್ತಿದ್ದವನು ನಕ್ಕುಬಿಟ್ಟ. ವ್ಯಾಟ್‌ಗೆ ಸಿಟ್ಟು ಬಂತು. ಅವನು ಇನ್ನೂ ಒಂದನೇ ಕ್ಲಾಸು. ಕೋರಾ ಐದನೆಯದು. ಆದ್ದರಿಂದ ಪೆನ್ಸಿಲ್ ಅವಳ ಕೈಯಲ್ಲೇ ಇತ್ತು.

ಊಟದ ಮೇಜಿನ ಮೇಲೆ ಆಟದ ರೈಲು, ದೋಣಿಗಳಿರುವ ದೊಡ್ಡ ಮನರಂಜನಾ ಪಾರ್ಕಿನ ನಕ್ಷೆ ಹರಡಿತ್ತು. ಫ್ಯಾನಿನ ಗಾಳಿಗೆ ಹಾರದಂತೆ ಅದರ ಒಂದು ಮೂಲೆಗೆ ಜೇನಿನ ಬಾಟಲಿ, ಇನ್ನೊಂದಕ್ಕೆ ಉಪ್ಪಿನ ಡಬ್ಬಿ ಇಟ್ಟಿದ್ದರು. ಫ್ಲಾರಿಡಾದಲ್ಲಿ ಡಿಸೆಂಬರ್ ಬಂದರೂ ಫ್ಯಾನ್ ನಿಲ್ಲಿಸುವಂತಿಲ್ಲ.

ಕ್ರಿಸ್‌ಮಸ್ ತಿಂಗಳಲ್ಲಿ ಕೆಲವು ಸಂಜೆ ಪಾರ್ಕಿನಲ್ಲಿ ವಿಶೇಷ ಹಬ್ಬ. ಮಾಮೂಲಿ ಜನರೆಲ್ಲ ಮನೆಗೆ ಹೋದ ಮೇಲೆ, ಬೇರೆ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ದೀಪಗಳು, ಬ್ಯಾಂಡು, ನೊರೆಯ ಹಿಮ, ಕೊನೆಗೆ ದೊಡ್ಡ ಮೆರವಣಿಗೆ. ಮಮ್ಮಿ ವ್ಯಾಟ್‌ನಷ್ಟು ಚಿಕ್ಕವಳಾಗಿದ್ದಾಗಿನಿಂದಲೂ ಇವರ ಮನೆಯವರು ತಪ್ಪದೆ ಹೋಗುತ್ತಾರೆ. ಎಲ್ಲರೂ ಒಂದೇ ಥರದ ಕೆಂಪು ಟಿ-ಶರ್ಟ್ ಹಾಕಿಕೊಂಡು.

ಮೇಜಿನ ತುದಿಯಲ್ಲಿ ಮೀಮಾ ಕೂತು ಅಕ್ರೋಟಿನಂಥ ಪೀಕಾನ್ ಕಾಯಿ ಒಡೆಯುತ್ತಿದ್ದಳು. ಮೀಮಾ ಅಂದರೆ ಮಮ್ಮಿಯ ಅಮ್ಮ. ಭಾನುವಾರದ ಊಟಕ್ಕೆ ಅವಳು ಇಲ್ಲಿಗೇ ಬರುತ್ತಾಳೆ.

"ಈಗ ಮುಖ್ಯವಾದ ವಿಷಯ!" ಕೋರಾ ಕುರ್ಚಿಯ ಮೇಲೆ ಹತ್ತಿ ನಿಂತಳು.

"ಇಳಿ ಮೊದಲು," ಎಂದಳು ಮಮ್ಮಿ.

"ಇಳೀತೀನಿ. ಈ ಸಲ ಮೀಮಾ ನೆಲದ ಮೇಲೆ ಕೂರೋ ಹಾಗಿಲ್ಲ! ಡ್ಯಾಡಿ, ಹೇಳು, ಹೇಳು."

ಮೆರವಣಿಗೆಯನ್ನು ಹತ್ತಿರದಿಂದ ನೋಡಬೇಕಾದರೆ ಯಾರಾದರೂ ಬೇಗ ಹೋಗಿ ಫುಟ್‌ಪಾತಿನ ಅಂಚಿನಲ್ಲಿ ಬಟ್ಟೆ ಹಾಸಿ ಜಾಗ ಹಿಡಿಯಬೇಕು. ಪ್ರತಿ ಮನೆಯಲ್ಲೂ ಅದಕ್ಕೆ ಒಬ್ಬರು ಇರುತ್ತಾರೆ. ಇವರ ಮನೆಯಲ್ಲಿ ಮೀಮಾ. ಉಳಿದವರು ರೈಲು, ದೋಣಿ ಅಂತ ಸುತ್ತುವಾಗ ಅವಳು ತನ್ನ ಹಳೆಯ ಕೌದಿ ಹಾಸಿಕೊಂಡು ಕಾಯುತ್ತಾಳೆ. ದೂರದಲ್ಲಿ ಬ್ಯಾಂಡು ಕೇಳಿದ ಕೂಡಲೇ ಎಲ್ಲರೂ ಓಡಿಬಂದು ಆ ಕೌದಿಯ ಮೇಲೆ ಕೂರುತ್ತಾರೆ.

ಹೋದ ವರ್ಷ ಮೆರವಣಿಗೆ ಮುಗಿದ ಮೇಲೆ ಮೀಮಾಗೆ ಏಳಲು ಆಗಲಿಲ್ಲ. ಡ್ಯಾಡಿಯೂ ಪಕ್ಕದಲ್ಲಿದ್ದವರೂ ಸೇರಿ ಎತ್ತಿ ನಿಲ್ಲಿಸಿದ್ದರು. ಆಗ ಮೀಮಾಳ ಮುಖ ಹೇಗಾಗಿತ್ತು ಎನ್ನುವುದನ್ನು ಕೋರಾ ಮರೆತಿರಲಿಲ್ಲ.

ಡ್ಯಾಡಿ ಗಂಟಲು ಸರಿಮಾಡಿಕೊಂಡ. "ಮಿಸ್ ಆರ್ಲೀನ್," ಎಂದ. ಅತ್ತೆಯನ್ನು ಅವನು ಯಾವಾಗಲೂ ಹಾಗೇ ಕರೆಯುವುದು. "ಈ ಸಲ ಮೆರವಣಿಗೆಗೆ ಸೀಟು ಬುಕ್ ಮಾಡಿದ್ದೀನಿ. ಒರಗಿಕೊಳ್ಳೋ ಕುರ್ಚಿ. ಸುತ್ತ ಹಗ್ಗ ಕಟ್ಟಿರ್ತಾರೆ, ಬೇರೆಯವರು ಬರೋ ಹಾಗಿಲ್ಲ. ಕೋಕೋ, ಕುಕಿ ಎಲ್ಲಾ ಕೂತಲ್ಲಿಗೇ ತಂದು ಕೊಡ್ತಾರೆ. ಐಡಿಯಾ ನಿಮ್ಮ ಮೊಮ್ಮಗಳದ್ದೇ."

ಕಾಯಿ ಒಡೆಯುವ ಸದ್ದು ನಿಂತಿತು.

"ಹಾಗಾದ್ರೆ ಜಾಗ ಹಿಡಿಯೋದು ಬೇಡ?" ಎಂದಳು ಮೀಮಾ.

"ಬೇಡ್ವೇ ಬೇಡ! ನೀನೂ ನಮ್ಮ ಜೊತೆ ರೈಲಿಗೆ ಬಾ, ದೋಣಿಗೆ ಬಾ, ಎಲ್ಲದಕ್ಕೂ ಬಾ!"

"ಒಳ್ಳೇದಾಯ್ತು ಬಿಡು, ಬಂಗಾರಿ."

ಮೀಮಾ ಸಿಪ್ಪೆಗಳನ್ನು ಅಂಗೈಗೆ ಗೋರಿಕೊಂಡು ಎದ್ದು ಹೋದಳು. ಅವಳು ಕುಣಿದಾಡದಿದ್ದರೂ ಒಂದು ಮುತ್ತನ್ನಾದರೂ ಕೊಡುತ್ತಾಳೆ ಅಂದುಕೊಂಡಿದ್ದ ಕೋರಾ ಹಾಗೇ ನಿಂತಿದ್ದಳು.

ಹೊರಡುವಾಗ, ಕಾರಿನ ಕೀ ಕೈಯಲ್ಲಿ ಹಿಡಿದು, ಬಾಗಿಲ ಹತ್ತಿರ ಮೀಮಾ ಹೇಳಿದಳು: "ಈ ಸಲ ನೀವೇ ಹೋಗಿಬನ್ನಿ. ಅಷ್ಟೊಂದು ಜನರ ಮಧ್ಯೆ ಇನ್ನು ನನ್ನ ಕೈಲಾಗಲ್ಲ."

"ಅಮ್ಮ! ನಿನ್ನ ಮಂಡಿಗೋಸ್ಕರ ಅಂತಾನೇ ಅಲ್ವಾ ಇಷ್ಟೆಲ್ಲಾ ಮಾಡಿದ್ದು?" ಎಂದಳು ಮಮ್ಮಿ.

"ಗೊತ್ತಮ್ಮಾ. ನಂಗೇನೂ ಬೇಜಾರಿಲ್ಲ. ಆ ಪೀಕಾನ್ ಫ್ರಿಜ್ಜಲ್ಲಿಡು, ಹಾಳಾಗುತ್ತೆ."

ಕಾರು ತಿರುವಿನಲ್ಲಿ ಮರೆಯಾಯಿತು.

ಎರಡು ದಿನ ಯಾರೂ ಆ ಮಾತು ಎತ್ತಲಿಲ್ಲ. ಮಂಗಳವಾರ ಸಂಜೆ ಮಮ್ಮಿ ಕೆಂಪು ಟಿ-ಶರ್ಟುಗಳ ಮೇಲೆ ಹೆಸರು ಅಂಟಿಸಿ ಇಸ್ತ್ರಿ ಹಾಕುತ್ತಿದ್ದಳು. ಕೋರಾ ಅಕ್ಷರಗಳನ್ನು ಕತ್ತರಿಸಿ ಕೊಡುತ್ತಿದ್ದಳು. ಮೀಮಾಳ ಶರ್ಟು ಮಡಚಿದಂತೆಯೇ ಪಕ್ಕಕ್ಕಿತ್ತು.

"ಇದಕ್ಕೂ ಅಂಟಿಸಲಾ ಮಮ್ಮಿ?"

"ಇರಲಿ, ನೋಡೋಣ."

"ನಾನು ಒಳ್ಳೇದೇ ಅಂದ್ಕೊಂಡಿದ್ದೆ." ಕೋರಾ ಆ ಶರ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅವಳು ಬರದೇ ಇದ್ರೆ ಅದು ಕ್ರಿಸ್‌ಮಸ್ಸೇ ಅಲ್ಲ."

ಮಮ್ಮಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ನಾನು ಚಿಕ್ಕವಳಿದ್ದಾಗ ನಾವು ನಾಲ್ಕು ಜನ ಮಕ್ಕಳು. ರೈಲಿಂದ ಇಳಿದು ಓಡಿಬರ್ತಿದ್ವಿ. ಆ ಬೀದಿ ತುಂಬ ಬರೀ ಕಾಲುಗಳೇ. ದೊಡ್ಡವರ ಕಾಲುಗಳು. ಭಯ ಆಗೋದು. ಆಮೇಲೆ ಇದ್ದಕ್ಕಿದ್ದ ಹಾಗೆ ಆ ಹಳದಿ ಹಸಿರು ಕೌದಿ ಕಾಣೋದು. ಅದರ ಮಧ್ಯೆ ಅಮ್ಮ. ಯಾವ ವರ್ಷ ಹೋದ್ರೂ ಅಲ್ಲೇ." ಮಮ್ಮಿ ಶರ್ಟಿನ ಸುಕ್ಕನ್ನು ಅಂಗೈಯಲ್ಲಿ ಸವರಿದಳು. "ಪಾಪ, ನಮಗೋಸ್ಕರ ಒಬ್ಬಳೇ ಕಾಯ್ತಾಳಲ್ಲ ಅನ್ಸೋದು. ಹೈಸ್ಕೂಲಲ್ಲಿದ್ದಾಗ ಒಂದು ಸಲ, ಅಮ್ಮ ನೀನು ಹೋಗು, ಇವತ್ತು ನಾನು ಕೂರ್ತೀನಿ ಅಂದೆ."

"ಹೋದ್ಲಾ?"

"ಎಲ್ಲಿ! ಗದರಿ ಓಡಿಸಿಬಿಟ್ಲು. ಯಾಕೋ ಇವತ್ತಿಗೂ ಗೊತ್ತಿಲ್ಲ."

ಮಮ್ಮಿ ಮತ್ತೆ ಇಸ್ತ್ರಿ ಹಾಕತೊಡಗಿದಳು. ಕೋರಾ ಮಾತ್ರ ಕತ್ತರಿ ಹಿಡಿದುಕೊಂಡು ಯೋಚಿಸುತ್ತ ಕೂತಳು. ಗದರಿ ಓಡಿಸುವಷ್ಟು ಏನಿತ್ತು ಅಲ್ಲಿ?

ಮರುದಿನ ಸ್ಕೂಲು ಮುಗಿದ ಮೇಲೆ ಅವಳು ಮಮ್ಮಿಗೆ ಹೇಳಿ ಸೈಕಲ್ಲಿನಲ್ಲಿ ಮೀಮಾಳ ಮನೆಗೆ ಹೋದಳು. ಕೆರೆಯ ಪಕ್ಕದ ಓಕ್ ಮರಗಳ ಕೆಳಗೆ ಪುಟ್ಟ ಮನೆ. ಕೊಂಬೆಗಳಿಂದ ಬೂದು ಬಣ್ಣದ ಪಾಚಿ ಗಡ್ಡದ ಹಾಗೆ ಇಳಿಬಿದ್ದಿತ್ತು. ಮೀಮಾ ಅಂಗಳದಲ್ಲಿ ಪ್ಲಾಸ್ಟಿಕ್ ಫ್ಲೆಮಿಂಗೋ ಹಕ್ಕಿಗೆ ಸಾಂತಾ ಟೋಪಿ ತೊಡಿಸುತ್ತಿದ್ದಳು.

"ಅದರ ಟೋಪಿ ಕಣ್ಣಿಗೇ ಬಂದಿದೆ ಮೀಮಾ."

"ಅದೇನು ಪೇಪರ್ ಓದಬೇಕಾ? ಇರಲಿ ಬಿಡು." ಮೀಮಾ ಬೆನ್ನು ನೇರ ಮಾಡಿದಳು. "ನಿನ್ನ ಅಮ್ಮ ಕಳಿಸಿದ್ಲಾ?"

"ಇಲ್ಲ. ನಾನೇ ಬಂದೆ. ನೀನು ಯಾಕೆ ಬರಲ್ಲ?"

"ಹೇಳಿದ್ನಲ್ಲ, ಜನ ಜಾಸ್ತಿ."

"ಹೋದ ವರ್ಷವೂ ಜಾಸ್ತಿನೇ ಇದ್ರು."

ಮೀಮಾ ಮೆಟ್ಟಿಲ ಮೇಲೆ ಕೂತಳು. ಕೋರಾ ಪಕ್ಕದಲ್ಲಿ ಕೂತಳು. ಕೆರೆಯ ಕಡೆಯಿಂದ ಎರಡು ಕೊಕ್ಕರೆಗಳು ತಮ್ಮದೇ ಅಂಗಳ ಎನ್ನುವ ಹಾಗೆ ನಡೆದು ಬಂದವು.

"ಮೀಮಾ, ನಾವೆಲ್ಲ ಹೋದ ಮೇಲೆ ನೀನು ಅಲ್ಲಿ ಕೂತು ಏನು ಮಾಡ್ತೀಯ?"

"ಏನೂ ಇಲ್ಲ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ ಇಲ್ಲ." ಮೀಮಾ ನಕ್ಕಳು. ಕೋರಾ ಅಂಥ ನಗುವನ್ನು ಅವಳ ಮುಖದಲ್ಲಿ ನೋಡಿರಲಿಲ್ಲ. ಕ್ಲಾಸಿನಲ್ಲಿ ಗುಟ್ಟು ಹೇಳುವ ಹುಡುಗಿಯ ನಗುವಿನ ಹಾಗಿತ್ತು ಅದು.

"ಬೆಳಿಗ್ಗೆಯೆಲ್ಲ ಸ್ಕೂಲಿನ ಅಡುಗೆಮನೇಲಿ ಕೆಲಸ. ಮನೆಗೆ ಬಂದ್ರೆ ನಾಲ್ಕು ಮಕ್ಕಳು. ಆಮೇಲೆ ನಿನ್ನ ತಾತನಿಗೆ ಹುಷಾರು ತಪ್ಪಿತು. ಅಮ್ಮ ನನ್ನ ಸಾಕ್ಸ್ ಎಲ್ಲಿ, ಆರ್ಲೀನ್ ನನ್ನ ಮಾತ್ರೆ ಎಲ್ಲಿ. ಬಾತ್‌ರೂಮಿಗೆ ಹೋದ್ರೂ ಬಾಗಿಲ ಹೊರಗೆ ಯಾರಾದ್ರೂ ನಿಂತಿರೋರು."

"ವ್ಯಾಟ್ ಹಾಗೇ ಮಾಡ್ತಾನೆ, ಮಮ್ಮಿಗೆ."

"ನೀನೂ ಮಾಡ್ತಿದ್ದೆ, ಸುಮ್ನಿರು." ಮೀಮಾ ಅವಳ ಮೂಗನ್ನು ಹಿಂಡಿದಳು. "ವರ್ಷಕ್ಕೆ ಆ ಒಂದು ಸಂಜೆ ಮಾತ್ರ ಯಾರೂ ಏನೂ ಕೇಳೋ ಹಾಗಿರಲಿಲ್ಲ. ಯಾರಾದ್ರೂ ಕರೆದ್ರೆ ಹೇಳೋಕೆ ಒಂದು ಮಾತಿತ್ತಲ್ಲ, 'ಜಾಗ ಬಿಟ್ಟು ಬರೋಕಾಗಲ್ಲಪ್ಪಾ' ಅಂತ! ಬೂಟಿನ ಲೇಸು ಸಡಿಲ ಮಾಡ್ಕೊಂಡು, ಕಾಫಿ ಹಿಡ್ಕೊಂಡು ಕೂತುಬಿಡ್ತಿದ್ದೆ. ಆಕಾಶ ಕಪ್ಪಾಗ್ತಾ ಬರೋದು. ಬೀದಿಯ ಆ ತುದಿಯಿಂದ ದೀಪ ಹತ್ತಿಕೊಳ್ತಾ ಹತ್ತಿಕೊಳ್ತಾ ನನ್ನ ತಲೆ ಮೇಲೆ ಬರೋವು. ನಂಗೆ ಅಂತಾನೇ ಹಚ್ಚಿದ ಹಾಗೆ."

"ಬೇಜಾರಾಗ್ತಿರಲಿಲ್ವಾ?"

"ಒಂದು ಸಲ ಒಹಾಯೋದಿಂದ ಬಂದ ಹೆಂಗಸು ಪಕ್ಕದಲ್ಲಿ ಜಾಗ ಹಿಡ್ಕೊಂಡಿದ್ಲು. ಇಬ್ರೂ ಏನೇನೋ ಮಾತಾಡಿದ್ವಿ. ನನ್ನ ಅಕ್ಕಂಗೂ ಹೇಳದೇ ಇದ್ದ ವಿಷಯ ಅವಳಿಗೆ ಹೇಳಿದೆ. ಅವಳ ಹೆಸರು ಕೇಳೋಕೇ ಮರೆತೆ ನೋಡು."

ಮೀಮಾ ಹತ್ತಿರ ಬಂದ ಕೊಕ್ಕರೆಗಳನ್ನು ಕೈಬೀಸಿ ಓಡಿಸಿದಳು.

"ಆಮೇಲೆ ಬ್ಯಾಂಡು ಕೇಳೋದು. ನೀವೆಲ್ಲ ಆ ಜನರ ಮಧ್ಯೆ ನನ್ನನ್ನೇ ಹುಡುಕ್ಕೊಂಡು ಓಡಿಬರೋರು. ಅಷ್ಟು ಹೊತ್ತಿಗೆ ನಂಗೂ ನಿಮ್ಮನ್ನ ನೋಡೋಣ ಅನ್ನಿಸಿರೋದು." ಅವಳು ಮಂಡಿ ತಿಕ್ಕಿಕೊಂಡಳು. "ಆದ್ರೆ ಈ ಮಂಡಿ ಕೇಳಬೇಕಲ್ಲ. ನೀನು ಮಾಡಿದ್ದು ತಪ್ಪಲ್ಲ, ಬಂಗಾರಿ. ಹಗ್ಗ ಕಟ್ಟಿರೋ ಕುರ್ಚಿಗೆ ಕಾಯೋರು ಬೇಕಾಗಲ್ಲ, ಅಷ್ಟೆ. ನಿಮ್ಮ ಹಿಂದೆ ಕುಂಟಿಕೊಂಡು ಸುತ್ತೋಕೆ ನಂಗೆ ಇಷ್ಟ ಇಲ್ಲ."

ಕೋರಾ ತುಂಬ ಹೊತ್ತು ಕಾಲಿನ ಹೆಬ್ಬೆರಳಿನಿಂದ ಮರಳಿನಲ್ಲಿ ಬೀದಿಯ ಚಿತ್ರ ಬರೆದಳು. ಇಲ್ಲಿ ಮಿಠಾಯಿ ಅಂಗಡಿ. ಇಲ್ಲಿ ತಿರುವು. ತಿರುವಿನಲ್ಲಿ ದೊಡ್ಡ ಕ್ರಿಸ್‌ಮಸ್ ಮರ, ಅದರ ಸುತ್ತ...

"ಮೀಮಾ! ಆ ಮರದ ಸುತ್ತ ಕಲ್ಲಿನ ಕಟ್ಟೆ ಇದೆ ಅಲ್ವಾ? ಅದು ಎತ್ತರ. ಅದರ ಮೇಲೆ ಕೂತ್ರೆ ಏಳೋದು ಸುಲಭ. ಮುಂದಿನವರ ತಲೆ ಮೇಲಿಂದ ಮೆರವಣಿಗೆನೂ ಕಾಣುತ್ತೆ."

"ಅಯ್ಯೋ, ಆ ಕಟ್ಟೆ ಯಾರಿಗೆ ಸಿಗುತ್ತೆ? ಬಾಗಿಲು ತೆಗೆದ ತಕ್ಷಣ ತುಂಬಿಹೋಗುತ್ತೆ."

"ಅದಕ್ಕೇ ಯಾರಾದ್ರೂ ಬೇಗ ಹೋಗಿ ಹಿಡ್ಕೊಂಡು ಕೂರಬೇಕು," ಎಂದಳು ಕೋರಾ.

ಮೀಮಾ ಮರಳಿನ ಚಿತ್ರವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಕೇಳಿದಳು:

"ಬೇಗ ಅಂದ್ರೆ ಎಷ್ಟು ಬೇಗ?"

ಡ್ಯಾಡಿಯನ್ನು ಒಪ್ಪಿಸುವುದೇ ಕಷ್ಟವಾಯಿತು. "ಬುಕ್ ಮಾಡು ಅಂದವಳೂ ನೀನೇ, ವಾಪಸ್ ಮಾಡು ಅನ್ನೋಳೂ ನೀನೇ. ಕುರ್ಚಿ ಬಿಟ್ಟು ಕಲ್ಲಿನ ಮೇಲೆ ಕೂರ್ತೀನಿ ಅನ್ನೋರನ್ನ ನಾನೆಲ್ಲೂ ನೋಡಿಲ್ಲ," ಎಂದು ಗೊಣಗಿದ. ಗೊಣಗುತ್ತಲೇ ಫೋನು ತೆಗೆದು ಸೀಟುಗಳನ್ನು ವಾಪಸ್ ಮಾಡಿದ. ಮಮ್ಮಿ ಮಾತ್ರ ಯಾಕೆ ಏನು ಅಂತ ಕೇಳಲಿಲ್ಲ. ಮಡಚಿಟ್ಟಿದ್ದ ಶರ್ಟನ್ನು ತೆಗೆದು ಇಸ್ತ್ರಿ ಬಿಸಿಮಾಡಿದಳು.

ಹಬ್ಬದ ಸಂಜೆ ಪಾರ್ಕಿನ ಬಾಗಿಲು ತೆರೆದಾಗ ಬಿಸಿಲಿನ್ನೂ ಇತ್ತು. ಸಾಂತಾ ಟೋಪಿ ಹಾಕಿಕೊಂಡವರ ಹಣೆಯಲ್ಲೆಲ್ಲ ಬೆವರು. ಟಿಕೆಟ್ ತೋರಿಸಿ ಕೈಗೆ ಪ್ರವೇಶದ ಪಟ್ಟಿ ಕಟ್ಟಿಸಿಕೊಂಡ ಕೂಡಲೇ ವ್ಯಾಟ್ ಬಾಣದ ಹಾಗೆ ಓಡಿಹೋಗಿ ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟ.

"ಇದು ನಮ್ಮದು! ಇದು ನಮ್ಮದು!"

"ಸಾಕು ಏಳೋ, ಮಾನ ಕಳೀಬೇಡ," ಎನ್ನುತ್ತ ಮೀಮಾ ನಿಧಾನವಾಗಿ ಬಂದು ಕೌದಿ ಹಾಸಿ ಕೂತಳು. ಒಮ್ಮೆ ಎದ್ದು ನೋಡಿದಳು. ಯಾರ ಸಹಾಯವೂ ಬೇಕಾಗಲಿಲ್ಲ. ಮತ್ತೆ ಕೂತಳು.

ಡ್ಯಾಡಿ ಅವಳಿಗೆ ಕಾಫಿ ತಂದುಕೊಟ್ಟು ವ್ಯಾಟ್‌ನ ಜೊತೆ ಮುಂದೆ ನಡೆದ. ಮಮ್ಮಿ ಮಾತ್ರ ಅಲ್ಲೇ ನಿಂತಿದ್ದಳು.

"ಅಮ್ಮ, ಒಬ್ಬಳೇ ಇರ್ತೀಯಾ? ನಾನೂ ಇಲ್ಲೇ ಜೊತೆಗೆ ಕೂರ್ಲಾ?"

ಮೀಮಾ ಬಾಯಿ ತೆರೆಯುವ ಮೊದಲೇ ಕೋರಾ ಮಮ್ಮಿಯ ಕೈ ಹಿಡಿದು ಎಳೆದಳು. "ಬಾ ಮಮ್ಮಿ. ಹೋಗೋಣ."

ಮಮ್ಮಿ ಮಗಳ ಮುಖ ನೋಡಿದಳು. ಆಮೇಲೆ ಅಮ್ಮನ ಮುಖ ನೋಡಿದಳು. ಏನೋ ಕೇಳಬೇಕೆಂದಿದ್ದವಳು ಕೇಳದೆ ಹೊರಟಳು.

ಮಿಠಾಯಿ ಅಂಗಡಿಯ ಹತ್ತಿರ ಕೋರಾ ಹಿಂದಿರುಗಿ ನೋಡಿದಳು. ಟಾಟಾ ಮಾಡಲು ಕೈ ಎತ್ತಿದಳು.

ಮೀಮಾ ಇತ್ತ ನೋಡುತ್ತಿರಲಿಲ್ಲ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಯ ಆ ತುದಿಯನ್ನು ನೋಡುತ್ತಿದ್ದಳು. ಅಲ್ಲಿ ಮೊದಲ ದೀಪ ಹತ್ತಿತ್ತು. ಕಟ್ಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ ಅವಳು ಯಾರ ಅಮ್ಮನ ಹಾಗೂ, ಯಾರ ಅಜ್ಜಿಯ ಹಾಗೂ ಕಾಣಿಸಲಿಲ್ಲ. ಆರ್ಲೀನ್ ಎಂಬ ಹೆಸರಿನ ಒಬ್ಬಳ ಹಾಗೆ ಕಾಣಿಸಿದಳು.

ಕೋರಾ ಎತ್ತಿದ ಕೈಯನ್ನು ಸದ್ದಿಲ್ಲದೆ ಇಳಿಸಿಕೊಂಡಳು.

ಪಕ್ಕದಲ್ಲಿ ಮಮ್ಮಿ ನಡೆಯುತ್ತಿದ್ದಳು. ಅವಳ ಒಂದು ಹೆಗಲಲ್ಲಿ ನೀರಿನ ಬಾಟಲಿಗಳ ಚೀಲ, ಇನ್ನೊಂದರಲ್ಲಿ ಎಲ್ಲರ ಸ್ವೆಟರುಗಳ ಚೀಲ. ಕೋರಾ ಸ್ವೆಟರಿನ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

"ಏನೇ ಇದು, ಇದ್ದಕ್ಕಿದ್ದ ಹಾಗೆ?" ಎಂದಳು ಮಮ್ಮಿ.

"ಏನೂ ಇಲ್ಲ," ಎಂದಳು ಕೋರಾ.