ಬೋಣಿಯ ಮೀನು

"ಮೊದಲ ತುಂಡು ನನಗೇ ಕೊಡ್ರಿ!"

ಸಾಜಿದಾ ಬೆಚ್ಚಿ ತಲೆಯೆತ್ತಿದಳು. ಸೂಳೆಕೆರೆ ಏರಿಯ ಪಕ್ಕದ ಅವರ ಮೀನಿನಂಗಡಿಯಲ್ಲಿ ಎಣ್ಣೆ ಆಗಷ್ಟೇ ಕಾದಿತ್ತು. ಎದುರಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಹುಡುಗ... ಅಬ್ಬಾ, ಆ ನಗು! ಅವಳು ದುಪಟ್ಟಾ ಸರಿಮಾಡಿಕೊಂಡು ತಟ್ಟೆ ನೀಡಿದಳು.

ಅವನು ಬಸವಾಪಟ್ಟಣದ ಕಲೀಮುಲ್ಲಾ. ದಾವಣಗೆರೆಯಲ್ಲಿ ಯೂನಿವರ್ಸಿಟಿ ಓದು, ಭಾನುವಾರ ಊರಿನ ಕಡೆ.

ಅಂದು ಮಧ್ಯಾಹ್ನದೊಳಗೇ ಮೀನೆಲ್ಲ ಖಾಲಿ!

"ಆ ಹುಡುಗನ ಬೋಣಿ ಕೈ ಚೆನ್ನಾಗೈತೆ," ಎಂದಳು ಅಮ್ಮಿ ಶಹರಬಾನು.

ಅಂದಿನಿಂದ ಭಾನುವಾರದ ಬೋಣಿ ಅವನದೇ. ಅವನು ಬರುವವರೆಗೆ ಸಾಜಿದಾ ಯಾರಿಗೂ ಮೊದಲ ತುಂಡು ಕೊಡುತ್ತಿರಲಿಲ್ಲ.

"ಈ ಮಸಾಲೆ ಹೆಂಗೆ ಮಾಡ್ತೀರಿ?" ಎಂದು ಅವನು ಕೇಳಿದಾಗ ಮಾತ್ರ ಅವಳು ಬಾಯಿಬಿಟ್ಟಳು. ಬೇಗನೆ ಶಾಲೆ ಬಿಟ್ಟವಳ ಮಾತನ್ನು ಅಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ.

ಆಮೇಲೆ... ಅವನು ಬರುವುದೇ ನಿಂತುಹೋಯಿತು.

ಬಸ್ಸು ನಿಂತಾಗಲೆಲ್ಲ ಅವಳ ಕಣ್ಣು ಅದರ ಬಾಗಿಲಿಗೇ. ಮೊದಲ ತುಂಡು ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು.

"ಯಾರಿಗೆ ಎತ್ತಿಟ್ಟೀಯೇ? ಬೆಕ್ಕಿಗಾ?" ಅಮ್ಮಿ ಗದರುತ್ತಿದ್ದಳು.

ಒಂದು ದಿನ ಚಹಾ ಅಂಗಡಿಯ ಪರಮೇಶ್ ಸುದ್ದಿ ತಂದ. "ನಿನ್ನ ಬೋಣಿ ಗಿರಾಕಿ ಏರಿ ಆ ತುದೀಲಿ ಅಂಗಡಿ ಹಾಕ್ತಾನಂತೆ ಕಣವ್ವ! ಮಸಾಲೆ ಹಚ್ಚಿದ ಮೀನು ದಾವಣಗೆರೆಗೆ ಕಳಿಸ್ತಾನಂತೆ!"

ಸೌಟು ಅವಳ ಕೈಯಲ್ಲೇ ನಿಂತಿತು. 'ಹಾಗಾದರೆ ಮಸಾಲೆಗಾಗಿ ಬರುತ್ತಿದ್ದನಾ? ನನಗಾಗಿ ಅಲ್ಲವಾ?'

ಮುಂದಿನ ಭಾನುವಾರ ಅದೇ ದನಿ...

"ಬೋಣಿ ಆಯ್ತೇನ್ರಿ?"

"ನಿಮ್ದೇ ಅಂಗಡಿ ಐತಲ್ಲ... ಅಲ್ಲೇ ತಿನ್ರಿ," ಎಂದಳು, ತಲೆಯೆತ್ತದೆ.

"ಅದರ ಬಾಗಿಲೇ ತೆಗೆದಿಲ್ಲ. ಮಸಾಲೆ ಮಾಡೋರು ಒಪ್ಪಬೇಕಲ್ಲ!"

"ಕೇಳಿ ಕೇಳಿ ಕಲ್ತಿದ್ದೀರಲ್ಲ?"

"ನಾನು ಕೇಳಿದ್ದು ಮಸಾಲೆ ಅಲ್ಲ ಸಾಜಿದಾ, ನಿಮ್ಮ ದನಿ. ಒಂದು ಚೂರೂ ನೆನಪಿಲ್ಲ!"

ಅವಳ ಕಣ್ಣು ತುಂಬಿತು. "ಮತ್ತೆ... ಯಾಕೆ ಬರ್ಲಿಲ್ಲ?"

"ನಿಮ್ಮ ಅಮ್ಮಿ ಕೇಳಿದ್ರು, 'ಓದಿದ ಮೇಲೆ ಏನಪ್ಪಾ?' ಅಂತ. ಉತ್ತರ ಇಲ್ದೆ ಹೆಂಗೆ ಬರ್ಲಿ? ಕ್ಲಾಸಲ್ಲಿ ಮೇಷ್ಟ್ರೂ ಕೇಳಿದ್ರು, ಸ್ವಂತ ವ್ಯಾಪಾರ ಯಾಕೆ ಅಂತ. ಒಬ್ಬ, 'ಯಾರ ಕೈಕೆಳಗೂ ಇರಲ್ಲ' ಅಂದ. ಇನ್ನೊಬ್ಬ, 'ಅಪ್ಪಂಗೆ ಗೆದ್ದು ತೋರಿಸ್ಬೇಕು' ಅಂದ."

"ನೀವು?"

"ನೌಕರಿ ಆದ್ರೆ ಎಲ್ಲಿಗೋ ಹಾಕ್ತಾರೆ. ಅಂಗಡಿ ಆದ್ರೆ ನೀವು ಕಾಣೋ ಕಡೆ ಹಾಕಬಹುದು... ಇದನ್ನ ಎಲ್ಲರ ಮುಂದೆ ಹೆಂಗೆ ಹೇಳ್ಲಿ?"

ಒಳಗಿನಿಂದ ಅಮ್ಮಿ ಬೇಕೆಂದೇ ಕೆಮ್ಮಿದಳು.

ಅವನು ತನ್ನ ಅಂಗಡಿಯ ಬೀಗದ ಕೈಯನ್ನು ಅವಳ ಮುಂದೆ ಹಿಡಿದ. "ಅರ್ಧ ಅಂಗಡಿ ನಿಮ್ದು."

"ಇನ್ನರ್ಧ?"

"ಅದ್ರಲ್ಲಿ ನಾನಿದ್ದೀನಲ್ರಿ..."

ಸಾಜಿದಾ ಮೊದಲ ತುಂಡನ್ನು ಅವನ ಮುಂದಿಟ್ಟು, ಬೀಗದ ಕೈ ತೆಗೆದುಕೊಂಡಳು.

"ಆ ಅರ್ಧಾನೂ ಸೇರಿಸಿ ಕೊಡ್ರಿ," ಎಂದಳು.