ಹಿಂದಿನ ಬ್ಯಾಟರಿಯ ಮಣಿ

ಮಾನ್ಯ ವಾಚಕರೇ, ಪ್ರಣಯವು ಉದ್ಯಾನದಲ್ಲಿಯೇ ಅಂಕುರಿಸಬೇಕೆಂಬ ನಿಯಮವಿಲ್ಲ. ಠಾಣೆ ಪಟ್ಟಣದ ವರ್ತಕ ನಗರ ಬಡಾವಣೆಯ ಬ್ಯಾಟರಿ ಅಂಗಡಿಯೊಂದರಲ್ಲಿ ಅಂಕುರಿಸಿದ್ದನ್ನು ತಮ್ಮ ಮುಂದಿಡಲು ಅಪ್ಪಣೆಯಾಗಲಿ.

“ಇದನ್ನೇ ಹಾಕಿ ಕೊಡಿ,” ಎಂದಳು ಪ್ರೇಕ್ಷಾ.

ಅದು ಡೊಂಬಿವಲಿಯ ಕ್ಯಾಂಟೀನಿನಲ್ಲಿ ಅವಳ ತಂದೆ ಬಳಸುತ್ತಿದ್ದ ಇನ್ವರ್ಟರ್ ಬ್ಯಾಟರಿ. ಅವರು ತೀರಿಕೊಂಡು ಎಂಟು ತಿಂಗಳು. ಅಂದಿನಿಂದ ಅವಳು ಅತ್ತಿರಲಿಲ್ಲ, ನಕ್ಕೂ ಇರಲಿಲ್ಲ. ಕ್ಯಾಂಟೀನು ಮುಚ್ಚಿ, ವ್ಯಾನಿನಲ್ಲಿ ನೀರ್‌ದೋಸೆ ಮಾರತೊಡಗಿದ್ದಳು. ಆದರೆ ಹಿಟ್ಟಿನ ಫ್ರಿಜ್ಜು ವ್ಯಾನಿನ ಒಂದೇ ಬ್ಯಾಟರಿಯನ್ನು ಬರಿದು ಮಾಡುತ್ತಿದ್ದುದರಿಂದ ಮಧ್ಯಾಹ್ನ ಗಾಡಿ ಏಳುತ್ತಲೇ ಇರಲಿಲ್ಲ. ಅದಕ್ಕೇ ಫ್ರಿಜ್ಜಿಗೆಂದು ಎರಡನೆಯ ಬ್ಯಾಟರಿ ಹಾಕಿಸಲು ಬಂದಿದ್ದಳು.

ವಿಜಯಪುರದಿಂದ ಬಂದ ಮೆಕ್ಯಾನಿಕ್ ಸಂಗಮೇಶ ಮೀಟರ್ ಹಿಡಿದು ನೋಡಿದ.

“ಇದು ಸತ್ತದ್ರೀ.”

“ಗೊತ್ತುಂಟು.”

ಬ್ಯಾಟರಿಯ ಕುರಿತು ಹೇಳಿದಳೋ, ಅಪ್ಪನ ಕುರಿತೋ... ಅವಳಿಗೇ ತಿಳಿಯಲಿಲ್ಲ.

“ಹಿಂದ ಹೊಸಾ ಲಿಥಿಯಂ ಬ್ಯಾಟರಿ ಹಾಕೋಣು, ಹಗುರ ಇರ್ತದ. ಎರಡರ ನಡುವ ಒಂದು ಚಾರ್ಜರ್ ಬೇಕs ಬೇಕ್ರಿ. ಇಂಜಿನ್ ಓಡುವಾಗ ಅಷ್ಟ ಹಿಂದಿಂದು ತುಂಬ್ತದ. ನಿಂತ ಮ್ಯಾಲೆ ಫ್ರಿಜ್ ಮುಂದಿಂದನ್ನ ಮುಟ್ಟಂಗಿಲ್ಲ.”

“ಅಪ್ಪನದ್ದು?”

ಅವನು ಹಳೆಯ ಬ್ಯಾಟರಿಯ ಮರದ ಪೆಟ್ಟಿಗೆಯನ್ನು ತಟ್ಟಿ ನೋಡಿದ. “ಪೆಟಗಿ ಗಟ್ಟಿ ಅದ. ಹೊಸಾದನ್ನ ಇದರಾಗs ಕೂಡಸ್ತೀನಿ. ಆತಿಲ್ಲ?”

ಅವಳು ಮೊದಲ ಬಾರಿ ಅವನ ಮುಖ ನೋಡಿದಳು.

ಎರಡು ದಿನಗಳ ಬಳಿಕ ಕೆಲಸ ಮುಗಿದಿತ್ತು. ಪೆಟ್ಟಿಗೆಯ ಮೇಲೆ ಬಿಳಿ ಟೇಪು, ಅದರ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರಗಳು: ಎಂ, ಎ, ಎನ್, ಐ.

ಮಣಿ.

ಲಾರಿಗಳ ಮೇಲೆ ಹೆಂಡತಿಯ ಹೆಸರು ಬರೆಸುವವರನ್ನು ಅವಳು ಕಂಡಿದ್ದಳು. ಒಳಗೆಲ್ಲೋ ಸಣ್ಣಗೆ ಚುಚ್ಚಿತು. ಎಂಟು ತಿಂಗಳಲ್ಲಿ ಮೊದಲ ಸಲ ಏನೋ ಚುಚ್ಚಿತ್ತು...

“ಎಂಟು ದಿನ ಬಿಟ್ಟು ಚೆಕ್ ಮಾಡ್ಸಾಕ ಬರ್ರಿ,” ಎಂದನವನು.

ಅವಳು ಹೋಗಲಿಲ್ಲ. ಅವನ ಫೋನನ್ನೂ ಎತ್ತಲಿಲ್ಲ.

ಒಂಬತ್ತನೆಯ ದಿನ, ಅವಳ ವ್ಯಾನು ನಿತ್ಯ ನಿಲ್ಲುವ ಸೀವುಡ್ಸ್ ರೈಲು ಸ್ಟೇಷನ್ನಿನ ಹೊರಗೆ, ದೋಸೆಯ ಸಾಲಿನಲ್ಲಿ ಸಂಗಮೇಶನೇ ನಿಂತಿದ್ದ.

“ಯಾಕ್ರೀ, ಗಾಡಿ ಎದ್ದಿಲ್ಲೇನು?”

“ಏಳ್ತದೆ. ನೀವ್ಯಾಕೆ ಬಂದದ್ದು? ಮಣಿಯವರನ್ನೂ ಕರ್ಕೊಂಡು ಬರ್ಬೇಕಿತ್ತು.”

“ಯಾವ ಮಣಿ?”

ಅವಳು ಸಟ್ಟುಗದಿಂದ ಟೇಪನ್ನು ತೋರಿಸಿದಳು. ಅವನು ಒಮ್ಮೆ ಅದನ್ನೂ ಒಮ್ಮೆ ಅವಳನ್ನೂ ನೋಡಿದ.

“ಅದು ಮನಿ ರೀ! ಮುಂದಿಂದು ಗಾಡಿ ಎಬ್ಬಸೂ ಬ್ಯಾಟರಿ. ಹಿಂದಿಂದು ಫ್ರಿಜ್, ದೀಪ, ಫ್ಯಾನ್ ನಡಸೂದು. ಅದಕ್ಕ ಮನಿ ಬ್ಯಾಟರಿ ಅಂತೀವಿ. ನಿಮಗ ಕನ್ನಡ ಓದಾಕ ಬರಂಗಿಲ್ಲ ಅಂದ್ರಿ, ಇಂಗ್ಲಿಷಿನ್ಯಾಗ ಬರದೆ.”

“ಅದು ಮನೆ,” ಎಂದಳು ಪ್ರೇಕ್ಷಾ. “ಕಡೆಗೆ ‘ಐ’ ಅಲ್ಲ, ಇಂಗ್ಲಿಷಿನ ‘ಇ’ ಹಾಕ್ಬೇಕು.”

“ನಮ್ಮ ಕಡೆ ಮನಿ.”

“ಹಾಗಾದ್ರೆ ಮಣಿ ಅಂತ ಯಾರೂ ಇಲ್ವಾ?”

“ಮಣಿನೂ ಇಲ್ಲ, ಮನಿನೂ ಇಲ್ರಿ. ಮುಂಬ್ರಾದಾಗ ಐದು ಮಂದಿ ಒಂದs ಖೋಲ್ಯಾಗ ಇರ್ತೀವಿ.” ಅವನು ತಲೆ ತಗ್ಗಿಸಿದ. “ನಿಮ್ಮ ಬ್ಯಾಟರಿ ಮ್ಯಾಲೆ ಅದನ್ನ ಬರಿಯುವಾಗ... ನನ್ನದೂ ಇರಬೇಕಿತ್ತು ಅನಸ್ತು.”

ಕಾವಲಿಯ ಮೇಲಿನ ದೋಸೆ ಕರಕಾಯಿತು. ಪ್ರೇಕ್ಷಾ ಅದನ್ನು ತೆಗೆಯಲಿಲ್ಲ. ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

“ನಾಳೆ ಬನ್ನಿ,” ಎಂದಳು.

“ಚೆಕ್ ಮಾಡಾಕಾ?”

“ಅಲ್ಲ. ಮನಿಗೆ.”

ವಾಚಕರೇ, ಕರಕಾದ ಆ ದೋಸೆಯು ಅದೇ ಸಾಲಿನಲ್ಲಿ ನಿಂತಿದ್ದ ನನ್ನ ತಟ್ಟೆಗೇ ಬಂದಿತು, ಆಕ್ಷೇಪಿಸದೆ ತಿಂದೆ. ಈಗ ನನ್ನ ಕತೆಗಳ ಜೋಳಿಗೆಯ ದಾರ ಬಿಗಿದಾಗಿದೆ. ಪನವೇಲ್ ಲೋಕಲ್ ಬರುವ ಹೊತ್ತು, ಹೊರಟೆ.