ಕಾಣದ ಹಾಡುಗಾತಿಗೆ ಅಂಗಿ ಹೊಲಿದ ಮೂವರು

ಈ ಕತೆಯ ಒಂದೊಂದು ಅಕ್ಷರವೂ ಸತ್ಯ. ಬೇಕಾದರೆ ನನ್ನ ಮೀಸೆಯ ಮೇಲೆ ಆಣೆ ಮಾಡುತ್ತೇನೆ. ಅದೇನು ಸಾಮಾನ್ಯ ಮೀಸೆಯಲ್ಲ. ಇದರ ತುದಿಗೆ ನಿಂಬೆಹಣ್ಣು ನಿಲ್ಲಿಸಿಕೊಂಡು ನಾಲ್ಕು ಊರು ಸುತ್ತಿ ಬಂದವನು ನಾನು. ಕತೆಯಲ್ಲಿ ಬರುವ ಸಿಂಪಿಗರ ಚೆನ್ನಾಜಿ ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಆಕೆಯ ಧೈರ್ಯದಲ್ಲಿ ಮುಕ್ಕಾಲು ಪಾಲು ನೇರವಾಗಿ ನನಗೇ ಬಂದಿದೆ. ಉಳಿದ ಕಾಲು ಪಾಲು ಎಲ್ಲಿ ಹೋಯಿತೋ, ನನ್ನ ತಮ್ಮನನ್ನು ನೋಡಿದರೆ ಅವನಿಗಂತೂ ಬಂದ ಹಾಗೆ ಕಾಣುವುದಿಲ್ಲ. ಇರಲಿ.

ಬಹಳ ಬಹಳ ಹಿಂದೆ, ಝೇಂಕಾರಪುರ ಎಂಬ ರಾಜ್ಯದಲ್ಲಿ ಇನಿದನಿ ಎಂಬ ಹಾಡುಗಾತಿ ಇದ್ದಳು. ಅವಳು ಬಾಯಿ ತೆರೆದರೆ ಜಗಳವಾಡುತ್ತಿದ್ದ ಗಂಡ ಹೆಂಡಿರು ಮುಂದಿನ ಬೈಗುಳ ಮರೆತು ನಿಂತುಬಿಡುತ್ತಿದ್ದರು. ದನಿಯಷ್ಟೇ ಅಲ್ಲ, ಅವಳ ರೂಪಕ್ಕೂ ಊರಿಗೆ ಊರೇ ಹುಚ್ಚು. ಒಂದು ಕಛೇರಿಗೆ ಅವಳು ಹೂಬಿಟ್ಟ ಮುತ್ತುಗದ ಮರದ ಹಾಗೆ ಬರುತ್ತಿದ್ದಳು, ಇನ್ನೊಂದಕ್ಕೆ ಮಳೆಮೋಡದ ಹಾಗೆ. ಒಂದು ವಾರ ಅವಳು ಎಡಗಿವಿಗೆ ಮಾತ್ರ ಓಲೆ ಹಾಕಿದಳು ನೋಡಿ, ಅಕ್ಕಸಾಲಿಗರ ಅಂಗಡಿಗಳಲ್ಲಿ ಬಲಗಿವಿಯ ಓಲೆಗಳೆಲ್ಲ ಹಾಗೇ ಕೊಳೆತವು!

ಆ ರೂಪ ತಾನಾಗಿ ಬಂದದ್ದಲ್ಲ. ಅದರ ಹಿಂದೆ ಮೂವರಿದ್ದರು. ಬಟ್ಟೆ ಹೊಲಿಯುವವಳು ಚೆನ್ನಾಜಿ. ಮಾತು ಕಡಿಮೆ, ಯಾಕೆಂದರೆ ಬಾಯಲ್ಲಿ ಸದಾ ಗುಂಡುಸೂಜಿ. ಮುಖಕ್ಕೂ ಮುಡಿಗೂ ಬಣ್ಣ ಕಟ್ಟುವವನು ಉಗ್ರಪ್ಪ. ಹೆಸರು ಉಗ್ರಪ್ಪ, ಇರುವೆ ಕಂಡರೂ ದಾರಿ ಬಿಡುವವನು. ರಂಗಕ್ಕೆ ಬೆಳಕು ಹಿಡಿಯುವವನು ದೀವಟಿಗೆ ಮಾಳಜ್ಜ. ಈ ಮೂವರ ಮುಖವನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ.

ಅದೇ ರಾಜ್ಯದ ಗಾಜಿನ ಗುಡ್ಡದ ಮೇಲೆ ಬಿಂಬಕೇತು ಎಂಬ ಮಾಂತ್ರಿಕನಿದ್ದ. ಅವನಿಗೆ ಹಾಡಲು ಬಾರದು, ಕುಣಿಯಲು ಬಾರದು, ಆದರೆ ಚಪ್ಪಾಳೆ ಮಾತ್ರ ಬೇಕು. ಒಂದು ದಿನ ಅವನು ಕನ್ನಡಿ ಮಾರುವವನ ವೇಷದಲ್ಲಿ ಬಂದು, ಇನಿದನಿಯ ಮನೆಯಲ್ಲಿ ಆಳೆತ್ತರದ ಕನ್ನಡಿ ಇಟ್ಟುಹೋದ. ಬೊಟ್ಟು ಸರಿಯಿದೆಯಾ ಎಂದು ಇನಿದನಿ ಅದರಲ್ಲಿ ಇಣುಕಿದಳು. ಇಣುಕಿದ್ದೇ ತಡ, ಕನ್ನಡಿಯೊಳಗಿನ ಬಿಂಬ ಬೆನ್ನು ತಿರುಗಿಸಿ ಆ ಕಡೆಯಿಂದ ನಡೆದು ಹೋಯಿತು.

"ಚೆನ್ನಕ್ಕಾ, ಬೊಟ್ಟು ಕಾಣ್ತಾ ಇಲ್ಲ" ಎಂದಳು ಇನಿದನಿ.

"ಬೊಟ್ಟೇನು ಬಂತು ನನ್ನವ್ವ, ನೀನೇ ಕಾಣ್ತಾ ಇಲ್ಲ!" ಎಂದಳು ಚೆನ್ನಾಜಿ. ಬಾಯಿಂದ ಹನ್ನೆರಡು ಸೂಜಿಯೂ ಉದುರಿದವು.

ದನಿ ಇದೆ, ಆಳಿಲ್ಲ! ಕನ್ನಡಿಯೊಳಗಿಂದ ಬಿಂಬಕೇತು ನಕ್ಕ. "ರೂಪ ನಂದಾಯ್ತು. ಎಂಟನೇ ದಿನ ಬೆಳಿಗ್ಗೆ ವಸಂತೋತ್ಸವ. ಅಲ್ಲಿ ಈ ಬಿಂಬವನ್ನೇ ರಂಗಕ್ಕೆ ಹತ್ತಿಸ್ತೀನಿ. ಜನ ಒಂದು ಸಲ ಚಪ್ಪಾಳೆ ತಟ್ಟಲಿ, ಇವಳ ದನಿಯೂ ನಂದೇ. ಆಮೇಲೆ ಇವಳು ಇದ್ದಳು ಅಂತಲೂ ಯಾರಿಗೂ ನೆನಪಿರೋದಿಲ್ಲ!"

ಉಗ್ರಪ್ಪ ಅಳಲು ಶುರುಮಾಡಿದ. ಮಾಳಜ್ಜ ತಲೆ ಮೇಲೆ ಕೈ ಹೊತ್ತ. ಚೆನ್ನಾಜಿ ಒಂದು ಸೀರೆ ತಂದು ದನಿ ಬರುತ್ತಿದ್ದ ಕಡೆ ಹೊದಿಸಿದಳು. ಮೈ ಕೈಗೆ ಸಿಕ್ಕಿತು, ಸೀರೆ ಮಾತ್ರ ನಿಲ್ಲದೆ ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಹೊದಿಸಿದಳು, ಅದೂ ಬಿತ್ತು. ನಲವತ್ತು ಸೀರೆ ಬಿದ್ದಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಈ ಹುಡುಗಿಗೆ ನಾನು ಹದಿನೇಳು ವರ್ಷದಿಂದ ಬಟ್ಟೆ ಹೊಲಿದಿದ್ದೀನಿ. ಕಾಣದಿದ್ರೆ ಏನಾಯ್ತು, ಇದ್ದಾಳಲ್ಲ? ಹೊಲಿದೇ ಹೊಲೀತೀನಿ. ಎಂಥ ಬಟ್ಟೆ ನಿಲ್ಲುತ್ತೆ ಹೇಳಜ್ಜ."

ಮಾಳಜ್ಜನಿಗೆ ಹಳೆಯ ಸಂಗತಿಗಳು ಗೊತ್ತಿದ್ದವು. "ರೂಪ ಕಳಕೊಂಡವರ ಮೈಮೇಲೆ ಏಳು ಹೆಡೆ ಹಾವಿನ ಪೊರೆ ನಿಲ್ಲುತ್ತೆ. ಹುಲಿಕೊಳದ ಬಣ್ಣ ಹತ್ತುತ್ತೆ. ಮಿಂಚುಕೊಕ್ಕರೆಯ ಬೆಳಕು ಬೀಳುತ್ತೆ. ಮೂರಕ್ಕೂ ಹೋದವರು ಯಾರೂ ವಾಪಸ್ ಬಂದಿಲ್ಲ."

"ಸರಿ, ಮೂರು ಜನ ಇದ್ದೀವಿ. ಒಬ್ಬೊಬ್ಬರಿಗೆ ಒಂದೊಂದು. ಏಳಿ!"

ಚೆನ್ನಾಜಿ ಕೇದಗೆಯ ಬನಕ್ಕೆ ಹೋದಳು. ಅಲ್ಲಿ ಏಳು ಹೆಡೆಯ ಹಾವು ಬಂಡೆಗೆ ಮೈ ಉಜ್ಜುತ್ತಾ ಬುಸುಗುಡುತ್ತಿತ್ತು. "ನುಂಗ್ತೀನಿ" ಎಂದಿತು ಮೊದಲ ಹೆಡೆ. "ನಾನು ನುಂಗ್ತೀನಿ" ಎಂದಿತು ಎರಡನೆಯದು. ಏಳೂ ಜಗಳಕ್ಕೆ ಬಿದ್ದವು. ಆ ಹೊತ್ತಿಗೆ ಚೆನ್ನಾಜಿ ಸುತ್ತ ಒಂದು ಸುತ್ತು ಹಾಕಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ನೋಡಿಬಿಟ್ಟಿದ್ದಳು.

"ಮೈ ಕಡೀತಾ ಇದೆ ಅಲ್ವಾ? ಪೊರೆ ಕಳಚ್ತಾ ಇಲ್ಲ. ಕಳಚೋದಾದ್ರೂ ಹೇಗೆ? ಏಳು ತಲೆ ಏಳು ಕಡೆ ಎಳೆದ್ರೆ ಕತ್ತಿನ ಹತ್ತಿರ ಸಿಕ್ಕಾಕ್ಕೊಳ್ಳುತ್ತೆ. ಎಲ್ಲರೂ ಮೇಲೆ ನೋಡಿ. ನೀನು, ನಾಲ್ಕನೆಯವನೇ, ನಿನಗೂ ಸೇರಿಸೇ ಹೇಳಿದ್ದು!"

ಅಷ್ಟು ಗದರಿಸಿಕೊಂಡು ಹಾವಿಗೆ ಅಭ್ಯಾಸವಿರಲಿಲ್ಲ. ಏಳೂ ಹೆಡೆ ಮೇಲೆ ನೋಡಿದವು. ಚೆನ್ನಾಜಿ ಪುಟ್ಟ ಕತ್ತರಿಯಿಂದ ಏಳು ಕತ್ತಿನ ಬಳಿ ಏಳು ಕಚ್ಚು ಕೊಟ್ಟಳು. ಪೊರೆ ಸುಯ್ಯೆಂದು ಜಾರಿತು. ಹಾವು ಮೂರು ವರ್ಷದ ಮೇಲೆ ಮೊದಲ ಸಲ ಆಕಳಿಸಿತು. "ತಗೊಂಡು ಹೋಗವ್ವ" ಎಂದು ಏಳೂ ಬಾಯಿ ಒಟ್ಟಿಗೆ ಹೇಳಿದವು.

ಉಗ್ರಪ್ಪ ಹುಲಿಕೊಳಕ್ಕೆ ಹೋದ. ಹೋದ ಎನ್ನುವುದಕ್ಕಿಂತ ಅವನ ಕಾಲು ಹೋದವು, ಅವನು ಬೇಡ ಬೇಡ ಎನ್ನುತ್ತಾ ಹಿಂದೆ ಬಂದ. ಕೊಳ ಕಾಯುತ್ತಿದ್ದ ಹೆಬ್ಬುಲಿಯ ಮೈಮೇಲೆ ಒಂದು ಪಟ್ಟೆಯೂ ಇರಲಿಲ್ಲ. ಕೊಳಕ್ಕೆ ಜಾರಿಬಿದ್ದು ಎಲ್ಲ ತೊಳೆದುಹೋಗಿತ್ತು. ಕಂಡವರು "ಅಯ್ಯೋ, ಎಷ್ಟು ದೊಡ್ಡ ಕರು!" ಎನ್ನುತ್ತಿದ್ದರು, ಆ ಅವಮಾನಕ್ಕೆ ಅದು ಕಂಡವರನ್ನೆಲ್ಲ ತಿನ್ನುತ್ತಿತ್ತು.

ಉಗ್ರಪ್ಪ ಕುಂಚ ತೆಗೆದ. "ಸ್ವಾಮಿ, ಪಟ್ಟೆ ಬಳೀತೀನಿ. ಒಣಗೋವರೆಗೂ ಘರ್ಜಿಸಬಾರದು. ನಗಲೂಬಾರದು, ಮೀಸೆ ಹತ್ತಿರ ಬಣ್ಣ ಒಡೆಯುತ್ತೆ."

ಹಬ್ಬದಲ್ಲಿ ಮನುಷ್ಯರಿಗೆ ಹುಲಿವೇಷ ಬಳಿದವರು ಬೇಕಾದಷ್ಟಿದ್ದಾರೆ. ಹುಲಿಗೇ ಹುಲಿವೇಷ ಬಳಿದವನು ಲೋಕದಲ್ಲಿ ಅವನೊಬ್ಬನೇ. ಹುಲಿ ನೀರಿನಲ್ಲಿ ತನ್ನನ್ನು ನೋಡಿಕೊಂಡು, ಪಕ್ಕಕ್ಕೆ ತಿರುಗಿ ನೋಡಿಕೊಂಡು, "ಹೊಟ್ಟೆ ಸ್ವಲ್ಪ ಸಣ್ಣ ಕಾಣುತ್ತೆ, ಅಲ್ವಾ?" ಎಂದಿತು. ಖುಷಿಯಲ್ಲಿ ಕೊಳದಿಂದ ಒಂದು ಕೊಡ ಬಣ್ಣ ತುಂಬಿಕೊಟ್ಟಿತು.

ಮಾಳಜ್ಜ ಮಿಂಚುಕೊಕ್ಕರೆಯ ಕೋಡುಗಲ್ಲು ಹತ್ತಿದ. ಒಂದು ಸಲ ಬೇಡಿದ, ಎರಡು ಸಲ ಬೇಡಿದ, ಮೂರನೆಯ ಸಲ ಮೊಣಕಾಲೂರಿದ. "ಕೇಳಿದೋರಿಗೆಲ್ಲ ಬೆಳಕು ಅಳೆದುಕೊಡೋಕೆ ನಾನೇನು ಎಣ್ಣೆ ಅಂಗಡಿ ಇಟ್ಟಿದ್ದೀನಾ?" ಎಂದು ಕೊಕ್ಕರೆ ಹಾರಿಹೋಯಿತು. ಮುದುಕ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕುಸಿದ.

"ನನ್ನಿಂದ ಕೆಟ್ಟಿತು ಚೆನ್ನಿ."

"ಎರಡು ಸಿಕ್ಕಿದೆಯಲ್ಲಜ್ಜ, ಮೂರನೇದನ್ನ ಅಲ್ಲೇ ನೋಡ್ಕೊಳ್ಳೋಣ. ನಾಳಿದ್ದು ಉತ್ಸವ, ಅಳೋಕೆ ಪುರುಸೊತ್ತಿಲ್ಲ. ಇನಿ, ಎಲ್ಲಿದ್ದೀಯ? ಬಾ, ಅಳತೆ ಕೊಡು. ಹಾಡು!"

ಚೆನ್ನಾಜಿಯ ಕೆಲಸದ ಗುಟ್ಟು ಅದೇ. ಎಲ್ಲ ದರ್ಜಿಗಳೂ ಮೈಯನ್ನು ನಿಲ್ಲಿಸಿ ಅಳೆಯುತ್ತಾರೆ. ಆಕೆ ಹಾಡಿಸಿ ಅಳೆಯುತ್ತಿದ್ದಳು. ಹಾಡುವವಳು ಎದೆ ತುಂಬ ಉಸಿರೆಳೆದಾಗ ಪಕ್ಕೆಲುಬು ನಾಲ್ಕು ಬೆರಳು ಹಿಗ್ಗುತ್ತದೆ. ಬಟ್ಟೆಗೆ ಆ ಜಾಗ ಗೊತ್ತಿರಬೇಕು. ಇನಿದನಿ ತನ್ನ ಅತಿ ಉದ್ದದ ಸ್ವರ ಹಿಡಿದಳು. ಕಾಣದ ಮೈಯನ್ನು ಚೆನ್ನಾಜಿ ಕೈಯಿಂದಲೇ ಅಳೆದಳು, ಎರಡು ದಿನ ಕೂತು ಹೊಲಿದಳು. ಒಂಬತ್ತು ಸೂಜಿ ಮುರಿದವು, ಹತ್ತನೆಯದು ಗೆದ್ದಿತು.

ವಸಂತೋತ್ಸವದ ಬೆಳಿಗ್ಗೆ ಅರಮನೆಯ ಮುಂದೆ ನೆಲ ಕಾಣದಷ್ಟು ಜನ. ದೊಡ್ಡ ಚಪ್ಪರದ ಕೆಳಗೆ ರಂಗ. ಬಿಂಬಕೇತು ಸಾವಿರ ಕನ್ನಡಿ ಕಟ್ಟಿ ಸೂರ್ಯನನ್ನು ಅಷ್ಟೂ ಒಳಗೆ ಎಳೆದು, ಬಿಂಬದ ಮೇಲೆ ಸುರಿದಿದ್ದ. ಬಿಂಬಕ್ಕೆ ಅವನು ಗಾಜಿನ ನಿಲುವಂಗಿ ತೊಡಿಸಿದ್ದ. "ನೋಡಿ, ಅಳತೆ ಅಂದ್ರೆ ಇದು! ಒಂದು ಕೂದಲೆಳೆ ಸಡಿಲ ಇಲ್ಲ!" ಎಂದು ಮೆರೆಯುತ್ತಿದ್ದ. ಜನ ಬೆರಗಾಗಿ ಕೈ ಎತ್ತಿದರು. ಇನ್ನೇನು ತಟ್ಟಬೇಕು.

ರಂಗದ ಮತ್ತೊಂದು ತುದಿಯಲ್ಲಿ ಇನಿದನಿ ಬಂದು ನಿಂತಳು. ಪೊರೆಯ ಅಂಗಿ ಮೈಮೇಲೆ ನಿಂತಿತ್ತು, ಬಣ್ಣ ಹತ್ತಿತ್ತು. ಆದರೆ ಬೆಳಕೆಲ್ಲ ಆ ಕಡೆ, ಇವಳು ನಿಂತದ್ದು ಕತ್ತಲ ಮೂಲೆ. ಒಬ್ಬರೂ ತಿರುಗಿ ನೋಡಲಿಲ್ಲ.

"ಅಜ್ಜಾ, ಬೆಳಕು!" ಎಂದಳು ಚೆನ್ನಾಜಿ.

"ನನ್ನ ಹತ್ತಿರ ಎಲ್ಲಿದೆಯೇ?"

"ನಿನ್ನ ಹತ್ತಿರ ಬೇಡ. ಅಲ್ಲಿ ರಾಶಿ ಬಿದ್ದಿದೆಯಲ್ಲ! ಅವಳ ಬಿಂಬದ ಮೇಲೆ ಬೀಳೋ ಬೆಳಕು ಅವಳ ಮೇಲೆ ಬೀಳದೇ ಇರುತ್ತಾ?"

ಮಾಳಜ್ಜನಿಗೆ ಆಗ ಹೊಳೆಯಿತು. ಅರವತ್ತು ವರ್ಷ ಅವನು ಬೆಳಕು ಹುಟ್ಟಿಸಿದವನಲ್ಲ, ಬೆಳಕು ತಿರುಗಿಸಿದವನು. ಅನ್ನಸಂತರ್ಪಣೆಗೆ ಜೋಡಿಸಿದ್ದ ಹಿತ್ತಾಳೆಯ ದೊಡ್ಡ ಹರಿವಾಣ ಎತ್ತಿಕೊಂಡು, ಆ ವಯಸ್ಸಿನಲ್ಲೂ ಚಪ್ಪರದ ಕಂಬ ಹತ್ತಿ, ಸಾವಿರ ಕನ್ನಡಿಯ ಬೆಳಕಿಗೆ ಅದನ್ನು ಅಡ್ಡ ಹಿಡಿದ. ಬೆಳಕು ಗಕ್ಕನೆ ತಿರುಗಿ ಇನಿದನಿಯ ಮೇಲೆ ಬಿತ್ತು.

ಪೊರೆಯ ಒಂದೊಂದು ಹುರುಪೆಯೂ ಉರಿದೆದ್ದಿತು. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಎದುರಿಗೆ ತನ್ನ ಒಡತಿಯನ್ನು ಕಂಡ ಬಿಂಬ ಅಲ್ಲಾಡಿತು. ಬಿಂಬ ಅಲ್ಲವೇ? ಎದುರಿಗಿದ್ದವಳು ಮಾಡಿದ್ದನ್ನು ಅದೂ ಮಾಡಲೇಬೇಕು. ಇನಿದನಿ ಕೈ ಎತ್ತಿದಳು, ಅದೂ ಎತ್ತಿತು. ಇನಿದನಿ ತಲೆ ಓರೆ ಮಾಡಿದಳು, ಅದೂ ಮಾಡಿತು. ಇನಿದನಿ ಹಾಡಲೆಂದು ಎದೆ ತುಂಬ ಉಸಿರೆಳೆದಳು.

ಅದೂ ಎಳೆಯಿತು.

"ಬೇಡ! ಉಸಿರಾಡಬೇಡ!" ಎಂದು ಕಿರುಚಿದ ಬಿಂಬಕೇತು. ಕನ್ನಡಿಯಲ್ಲಿ ನಿಂತ ಮೈಯನ್ನಷ್ಟೇ ಅಳೆದವನು ಅವನು; ಕನ್ನಡಿಗೆ ಉಸಿರೆಲ್ಲಿದೆ? ಗಾಜಿನ ಅಂಗಿ ಪಕ್ಕೆಯ ಬಳಿ ಚಟ್ ಎಂದಿತು, ಬೆನ್ನಿನ ಬಳಿ ಚಟಾರ್ ಎಂದಿತು. ಮರುಗಳಿಗೆ ಅಂಗಿಯೂ ಇಲ್ಲ, ಬಿಂಬವೂ ಇಲ್ಲ. ಬಣ್ಣದ ಹೊಗೆಯೊಂದು ತೇಲಿ ಬಂದು ಇನಿದನಿಯ ಮೈಯಲ್ಲಿ ಇಳಿಯಿತು. ಮೂಗಿನ ಮೇಲಿನ ಮಚ್ಚೆಯ ಸಮೇತ ಅವಳು ಪೂರ್ತಿ ಕಂಡಳು. ಚಪ್ಪಾಳೆ ಅವಳಿಗೇ ಬಿತ್ತು, ಆ ಸದ್ದಿಗೆ ಸಾವಿರ ಕನ್ನಡಿಗಳೂ ಒಡೆದು ಬಿಂಬಕೇತುವಿನ ಮಾಯೆಯೆಲ್ಲ ಪುಡಿಯಾಯಿತು.

ಹಾಡು ಮುಗಿಸಿ ಇನಿದನಿ, "ಈ ರೂಪ ನಂದಲ್ಲ. ಇವರ ಮೂವರದು" ಎಂದು ಅವರನ್ನು ರಂಗಕ್ಕೆ ಎಳೆದು ತಂದಳು. ಊರು ಮೊದಲ ಸಲ ಅವರ ಮುಖ ನೋಡಿತು. ಮಾಳಜ್ಜ ಹರಿವಾಣದ ಹಿಂದೆ ಅಡಗಿದ. ಉಗ್ರಪ್ಪ ಅತ್ತ. ಚೆನ್ನಾಜಿ ಮಾತ್ರ ನೆಟ್ಟಗೆ ನಿಂತು, ಗುಂಪಿನಲ್ಲಿ ಬಾಲ ಮುದುರಿ ಜಾರುತ್ತಿದ್ದ ಬಿಂಬಕೇತುವಿನ ಕೊರಳಪಟ್ಟಿ ಹಿಡಿದಳು.

"ಎಲ್ಲಿಗೆ ಹೊರಟ್ಯಪ್ಪ? ಇಲ್ಲಿ ಗಾಜು ಬಿದ್ದಿದೆ, ಬರಿಗಾಲಲ್ಲಿ ಜನ ಇದ್ದಾರೆ. ಗುಡಿಸು."

ಅವನು ಗುಡಿಸಿದ. ಗುಡಿಸುತ್ತಾ ಗುಡಿಸುತ್ತಾ ಅವಳ ಮನೆಯಲ್ಲೇ ಉಳಿದು, ಗುಂಡಿ ತೂರಿಸುವ ಕಾಜಾ ಹೊಲಿಯುವುದು ಕಲಿತು, ಬಹಳ ವರ್ಷದ ಮೇಲೆ ಒಂದು ಕಾಜಾಕ್ಕೆ ಅವಳಿಂದ "ಪರವಾಗಿಲ್ಲ" ಎನ್ನಿಸಿಕೊಂಡ. ಸಾವಿರ ಚಪ್ಪಾಳೆಗಿಂತ ಅದು ದೊಡ್ಡದಾಗಿತ್ತಂತೆ. ಇನಿದನಿ ಹಾಡಿದಳು, ಮೂವರು ಅವಳನ್ನು ಸಿಂಗರಿಸಿದರು, ಝೇಂಕಾರಪುರದವರೆಲ್ಲ ಕಣ್ಣು ಕಿವಿ ಎರಡೂ ತುಂಬಿಸಿಕೊಂಡು ನೂರು ಕಾಲ ಸುಖವಾಗಿದ್ದರು. ಉತ್ಸವದ ಆ ದಿನ ಊರಿಗೆಲ್ಲ ಹೋಳಿಗೆ ಊಟ, ಒಂದೊಂದು ಎಲೆಗೂ ಮಿಳ್ಳೆ ಮಿಳ್ಳೆ ತುಪ್ಪ.

ಈಗ ಮೀಸೆಯ ಮೇಲೆ ಆಣೆ ಮಾಡಿಬಿಟ್ಟಿದ್ದೇನಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ಇದರಲ್ಲಿ ಒಂದೇ ಒಂದು ಸಣ್ಣ ಸಂಗತಿ ನನ್ನ ಕೈಯಿಂದ ಸೇರಿಸಿದ್ದು. ಆ ತುಪ್ಪ. ಒಂದು ತೊಟ್ಟೂ ಉಳಿದಿರಲಿಲ್ಲ. ಹಾವು ಊಟಕ್ಕೆ ಮೊದಲೇ ಬಂದು ಕೂತಿತ್ತು, ಬಾಯಿ ಏಳು.